ಇಎಂಐ ಶೀಲ್ಡಿಂಗ್‌ಗೆ ಯಾವ ವಸ್ತು? ತಗಡು, ತಾಮ್ರ, ಬಣ್ಣ, ಫೆರೈಟ್‌ಗಳಲ್ಲಿ ಆರಿಸುವುದು ಹೇಗೆ

ಒಂದು ಉಪಕರಣದ ವಿದ್ಯುತ್ಕಾಂತೀಯ ಗದ್ದಲ ಇನ್ನೊಂದಕ್ಕೆ ತೊಂದರೆ ಕೊಡುವುದೇ ಇಎಂಐ, ಅದನ್ನು ತಡೆಯಲು ಹಾಕುವ ಹೊದಿಕೆಯೇ ಶೀಲ್ಡಿಂಗ್. ಹೊಸ ಸರ್ಕ್ಯೂಟ್ ಬೋರ್ಡ್ ಇಎಂಸಿ ಪರೀಕ್ಷೆಯಲ್ಲಿ (ಅದು ಹೊರಸೂಸುವ ಗದ್ದಲ ಮಿತಿಯೊಳಗಿದೆಯೇ ಎಂದು ಅಳೆಯುವ ಪರೀಕ್ಷೆ) ಫೇಲಾದರೆ ಬ್ಯಾಗಿನಿಂದ ಮೊದಲು ಹೊರಬರುವುದು ತಾಮ್ರದ ಟೇಪು. ಡಬ್ಬಿಯ ಸಂದುಗಳಿಗೆಲ್ಲ ಟೇಪು ಸುತ್ತಿ ಮತ್ತೆ ಅಳೆಯುತ್ತಾರೆ. ಪರದೆಯ ಮೇಲೆ ಗದ್ದಲ ತೋರಿಸುವ ಪೀಕ್ ಕೆಳಗಿಳಿದರೆ ಎಲ್ಲರಿಗೂ ನಿರಾಳ, ಅಲ್ಲೇ ತೀರ್ಮಾನವೂ ಆಗಿಬಿಡುತ್ತದೆ: ತಾಮ್ರ ಹಾಕೋಣ. ಆದರೆ ಆ ಟೇಪು ತೋರಿಸಿಕೊಟ್ಟಿದ್ದು ಸಂದು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು. ಅದೇ ಜಾಗದಲ್ಲಿ ಅಲ್ಯೂಮಿನಿಯಂ ಹಾಳೆಯನ್ನೋ ನಿಕ್ಕಲ್ ಲೇಪಿಸಿದ ಬಟ್ಟೆಯನ್ನೋ ಚೆನ್ನಾಗಿ ಕೂಡಿಸಿದ್ದರೂ ಪೀಕ್ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತಿತ್ತು.

ಹತ್ತಾರು ಮೆಗಾಹರ್ಟ್ಸ್‌ನಿಂದ ಮೇಲಿನ ಆವರ್ತನಗಳಲ್ಲಿ ಯಾವ ಲೋಹ ಎನ್ನುವ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಪಕ್ಕದ ತುಂಡಿಗೆ ಹೇಗೆ ಕೂಡುತ್ತದೆ, ಐದು ಮಳೆಗಾಲ ಕಳೆದ ಮೇಲೂ ಕೂಡಿಕೊಂಡೇ ಇರುತ್ತದೆಯೇ ಎಂದು ಮೊದಲು ಕೇಳಿ. ವಸ್ತುವಿನ ಆಯ್ಕೆಯೇ ಗೆಲುವು ಸೋಲು ನಿರ್ಧರಿಸುವ ಜಾಗಗಳೂ ಇವೆ: ಕಡಿಮೆ ಆವರ್ತನದ ಕಾಂತಕ್ಷೇತ್ರ, ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೇ ಅನುರಣಿಸುವ ಅಲೆ. ಅವುಗಳ ಬಗ್ಗೆ ಹೆಚ್ಚು ಬರೆಯುತ್ತೇನೆ.

ಎಷ್ಟು ಡೆಸಿಬೆಲ್ ಬೇಕು?

20 ಡೆಸಿಬೆಲ್ ಎಂದರೆ ಕ್ಷೇತ್ರದ ತೀವ್ರತೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದು. 40 ಎಂದರೆ ನೂರರಲ್ಲಿ ಒಂದು, 60 ಎಂದರೆ ಸಾವಿರದಲ್ಲಿ ಒಂದು. ಮನೆಬಳಕೆಯ ಮಲ್ಟಿಮೀಡಿಯಾ ಉಪಕರಣಗಳಿಗೆ ಅಂತರರಾಷ್ಟ್ರೀಯ ಸಿಐಎಸ್‌ಪಿಆರ್ 32 ಮಾನಕದ ಬಿ ವರ್ಗ ಇಟ್ಟಿರುವ ಮಿತಿ, 30ರಿಂದ 230 ಮೆಗಾಹರ್ಟ್ಸ್ ವರೆಗೆ, 10 ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 32 ಮೈಕ್ರೋವೋಲ್ಟ್. ತೀರಾ ಸಣ್ಣ ಸಂಖ್ಯೆ. ಆದರೂ ಒಂದು ಮಟ್ಟಿಗೆ ಎಚ್ಚರದಿಂದ ಮಾಡಿದ ಬೋರ್ಡ್ ಈ ಗೆರೆ ದಾಟುವುದು ಐದೋ ಎಂಟೋ ಹನ್ನೆರಡೋ ಡೆಸಿಬೆಲ್‌ನಿಂದ. ಎಂಟು ದಾಟಿದೆ ಎಂದಿಟ್ಟುಕೊಳ್ಳಿ, ಪರೀಕ್ಷಾಲಯದಿಂದ ಪರೀಕ್ಷಾಲಯಕ್ಕೆ, ತುಂಡಿನಿಂದ ತುಂಡಿಗೆ ಬರುವ ವ್ಯತ್ಯಾಸಕ್ಕೆಂದು ಇನ್ನಾರು ಸೇರಿಸಿ. 15 ಡೆಸಿಬೆಲ್ ಸಾಕು. 90 ಡೆಸಿಬೆಲ್‌ನ ವಸ್ತುವಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಇನ್ನು ಕ್ಯಾಟಲಾಗಿನ 90 ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಹಾಳೆ ರೂಪದ ವಸ್ತುಗಳನ್ನು ಸಾಮಾನ್ಯವಾಗಿ ಎಎಸ್‌ಟಿಎಂ ಡಿ4935 ಎಂಬ ಮಾನಕ ವಿಧಾನದಲ್ಲಿ ಅಳೆಯುತ್ತಾರೆ. ಚಪ್ಪಟೆಯಾದ ಬಿಲ್ಲೆಯೊಂದನ್ನು ಕೋಆಕ್ಸಿಯಲ್ ಹಿಡಿಕೆಯ ನಡುವೆ ಬಿಗಿದು, 30 ಮೆಗಾಹರ್ಟ್ಸ್‌ನಿಂದ 1.5 ಗಿಗಾಹರ್ಟ್ಸ್ ವರೆಗೆ, ಸಮತಲ ಅಲೆಗೆ, ಅಂದರೆ ದೂರದ ಮೂಲದಿಂದ ಬರುವಂಥ ಅಲೆಗೆ. ಅದರಲ್ಲಿ ತೂತಿಲ್ಲ, ಮುಚ್ಚಳವಿಲ್ಲ, ಸ್ಕ್ರೂ ಇಲ್ಲ, ಹೊರಗೆ ಹೋಗುವ ಒಂದು ವೈರೂ ಇಲ್ಲ. ನಿಮ್ಮ ಡಬ್ಬಿಯಲ್ಲಿ ಇವೆಲ್ಲ ಇರುತ್ತವೆ. ಎರಡು ಹಾಳೆಗಳನ್ನು ಹೋಲಿಸಲು ಆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ, ನಿಮ್ಮ ಡಬ್ಬಿ ಎಷ್ಟು ಕೊಡುತ್ತದೆ ಎಂದು ಹೇಳಲು ಬರುವುದಿಲ್ಲ.

ಒಂದೇ ತಾಮ್ರ, ಎರಡು ಲೋಕ

ಅಲೆ ಲೋಹಕ್ಕೆ ಬಡಿದಾಗ ಒಂದಷ್ಟು ಪ್ರತಿಫಲಿಸುತ್ತದೆ, ಒಳಹೊಕ್ಕಿದ್ದು ದಾರಿಯಲ್ಲೇ ಕರಗುತ್ತದೆ. ಎಷ್ಟು ದೂರದಲ್ಲಿ ಕರಗುತ್ತದೆ ಎಂಬುದಕ್ಕೆ ಸ್ಕಿನ್ ಡೆಪ್ತ್ ಅಳತೆಗೋಲು. ಒಂದು ಸ್ಕಿನ್ ಡೆಪ್ತ್ ದಾಟಿದರೆ ಸುಮಾರು 8.7 ಡೆಸಿಬೆಲ್ ಕಡಿಮೆ. ತಾಮ್ರದಲ್ಲಿ ಅದು 1 ಗಿಗಾಹರ್ಟ್ಸ್‌ಗೆ ಕೇವಲ 2 ಮೈಕ್ರಾನ್, 1 ಮೆಗಾಹರ್ಟ್ಸ್‌ಗೆ 66 ಮೈಕ್ರಾನ್, 100 ಕಿಲೋಹರ್ಟ್ಸ್‌ಗೆ 0.2 ಮಿಲಿಮೀಟರ್. ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್‌ಗೆ ಬಂದರೆ 9 ಮಿಲಿಮೀಟರ್‌ಗೂ ಹೆಚ್ಚು.

ಈ ನಾಲ್ಕು ಸಂಖ್ಯೆಗಳನ್ನು ಗೋಡೆಗೆ ಬರೆದಿಟ್ಟುಕೊಂಡರೆ ಅರ್ಧ ಚರ್ಚೆ ಮುಗಿಯುತ್ತದೆ. ಮೊಬೈಲ್, ವೈಫೈ ಆವರ್ತನಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೂ ಬೇಕಾದಷ್ಟು ದಪ್ಪ. ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಒಂದು ಮಿಲಿಮೀಟರ್ ತಾಮ್ರವನ್ನು ಅಡ್ಡ ಇಟ್ಟರೂ ಹೀರಿಕೆಯಿಂದ ಸಿಗುವುದು ಒಂದೇ ಡೆಸಿಬೆಲ್. ಅಲ್ಲಿ ಪ್ರತಿಫಲನದ ನೆರವೂ ಇಲ್ಲ. ಹತ್ತಿರದ ಕಾಯಿಲ್‌ನಿಂದ ಬರುವ ಕ್ಷೇತ್ರದ ಇಂಪೀಡೆನ್ಸ್ (ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಇರುವ ಅನುಪಾತ) ತೀರಾ ಕಡಿಮೆ, ಲೋಹದ್ದೂ ಕಡಿಮೆ, ಹೀಗಾಗಿ ಅದು ಲೋಹಕ್ಕೆ ಬಡಿದು ಹಿಂದಿರುಗುವುದೇ ಅಪರೂಪ. ಹತ್ತಿರ ಎಂದರೆ ಎಷ್ಟು? ತರಂಗದೂರವನ್ನು 6.28ರಿಂದ ಭಾಗಿಸಿ. 1 ಮೆಗಾಹರ್ಟ್ಸ್‌ಗೆ 48 ಮೀಟರ್, 1 ಗಿಗಾಹರ್ಟ್ಸ್‌ಗೆ ಐದು ಸೆಂಟಿಮೀಟರ್ ಕೂಡ ಇಲ್ಲ.

ಪಿಸಿಬಿ ಮೇಲಿನ ತಗಡಿನ ಡಬ್ಬಿ

ಪಿಸಿಬಿಯ, ಅಂದರೆ ಸರ್ಕ್ಯೂಟ್ ಬೋರ್ಡಿನ, ಮೇಲೆಯೇ ಕೂತು ಚಿಪ್‌ಗಳನ್ನು ಮುಚ್ಚುವ ಪುಟ್ಟ ಡಬ್ಬಿಗೆ, ಶೀಲ್ಡ್ ಕ್ಯಾನ್‌ಗೆ, ಸ್ಪರ್ಧಿಗಳು ಮುಖ್ಯವಾಗಿ ಇಬ್ಬರು: ತವರ ಲೇಪಿಸಿದ ಉಕ್ಕಿನ ತಗಡು ಮತ್ತು ನಿಕ್ಕಲ್ ಸಿಲ್ವರ್. ಎರಡನೆಯದರಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ, ತಾಮ್ರ, ನಿಕ್ಕಲ್, ಸತುಗಳ ಮಿಶ್ರಲೋಹ ಅದು. ಅದರ ವಾಹಕತೆ ತಾಮ್ರದ ಸುಮಾರು 6%. ಇದನ್ನು ನೋಡಿ ಹಲವರು ಗಾಬರಿಯಾಗಿ ತಾಮ್ರಕ್ಕೇ ಹೋಗುತ್ತಾರೆ. ಲೆಕ್ಕ ಹಾಕಿ: 1 ಗಿಗಾಹರ್ಟ್ಸ್‌ನಲ್ಲಿ ಸಮತಲ ಅಲೆಗೆ ತಾಮ್ರದ ಪ್ರತಿಫಲನದಿಂದ 78 ಡೆಸಿಬೆಲ್, ನಿಕ್ಕಲ್ ಸಿಲ್ವರ್‌ನಿಂದ 66. ಅದರ ಮೇಲೆ 0.2 ಮಿಲಿಮೀಟರ್ ತಗಡಿನಲ್ಲಿ ಹೀರಿಕೆ ಕಾಗದದ ಮೇಲೆ 200 ಡೆಸಿಬೆಲ್ ದಾಟುತ್ತದೆ. ಯಾವ ಉಪಕರಣವೂ ಅಳೆಯಲಾಗದ ಸಂಖ್ಯೆಗಳಿವು. ಕ್ಯಾನ್ ಮತ್ತು ಬೋರ್ಡಿನ ನಡುವೆ ಬೆಸುಗೆ ಬಿಟ್ಟುಹೋದ ಜಾಗವೇ ನಿಮ್ಮ ನಿಜವಾದ ಸಂಖ್ಯೆಯನ್ನು ತೀರ್ಮಾನಿಸುತ್ತದೆ.

ಹಾಗಾದರೆ ಆಯ್ಕೆ ಯಾವುದರ ಮೇಲೆ? ತವರದ ತಗಡು ಅಗ್ಗ, ಕೆಳಗಿನ ಆವರ್ತನಗಳ ಕಾಂತಕ್ಷೇತ್ರಕ್ಕೂ ಅಷ್ಟಿಷ್ಟು ತಡೆ ಒಡ್ಡುತ್ತದೆ. ಆದರೆ ಲೇಪನವಾದ ಮೇಲೆ ಕತ್ತರಿಸಿದರೆ ಅಂಚಿನಲ್ಲಿ ಬರಿಯ ಉಕ್ಕು ಕಾಣುತ್ತದೆ, ತುಕ್ಕು ಅಲ್ಲಿಂದಲೇ ಶುರು. ನಿಕ್ಕಲ್ ಸಿಲ್ವರ್‌ಗೆ ಲೇಪನವೇ ಬೇಡ, ನೇರ ಬೆಸುಗೆ ಹಿಡಿಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಸಣ್ಣ ಮೂಲೆಗಳಿಗೂ ಚೆನ್ನಾಗಿ ಬಾಗುತ್ತದೆ, ಕಾಂತೀಯವೂ ಅಲ್ಲ. ದಿಕ್ಸೂಚಿ ಸೆನ್ಸರ್ ಇರುವ ಬೋರ್ಡಿನಲ್ಲಿ ಈ ಕೊನೆಯ ಗುಣವೊಂದೇ ಸಾಕು ಆಯ್ಕೆಗೆ. ಕರಾವಳಿಯಲ್ಲಿ ಕೆಲಸ ಮಾಡಬೇಕಾದ ಉಪಕರಣಕ್ಕೂ ನಿಕ್ಕಲ್ ಸಿಲ್ವರ್ ಕಡೆಗೇ ನನ್ನ ಒಲವು. ಉಳಿದೆಡೆ ತವರದ ತಗಡು ಸಾಕು.

ಒಂದೇ ತುಂಡಿನ ಕ್ಯಾನೋ, ಚೌಕಟ್ಟು ಮತ್ತು ಮುಚ್ಚಳದ ಎರಡು ತುಂಡೋ ಎಂಬುದಕ್ಕೆ ಸರ್ವಿಸ್ ಮಾಡುವವರನ್ನು ಕೇಳಿ. ಒಂದೇ ತುಂಡು ಹೆಚ್ಚು ಬಿಗಿ, ಒಳಗಿನ ಚಿಪ್ ಬದಲಿಸಬೇಕೆಂದರೆ ಇಡೀ ಕ್ಯಾನನ್ನು ಬಿಸಿಗಾಳಿಯಲ್ಲಿ ಕೀಳಬೇಕು.

ಅಲ್ಯೂಮಿನಿಯಂ ಡಬ್ಬಿ, ಅದರ ಮೇಲಿನ ಬಣ್ಣ

ಕೈಗಾರಿಕಾ ಉಪಕರಣ, ಎಲೆಕ್ಟ್ರಿಕ್ ವಾಹನದ ಕಂಟ್ರೋಲರ್ ಇವುಗಳಿಗೆಲ್ಲ ಡೈ ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ) ಅಲ್ಯೂಮಿನಿಯಂ ಡಬ್ಬಿ ಸಹಜ ಆಯ್ಕೆ. ಹಗುರ, ಶಾಖವನ್ನೂ ಹೊರಹಾಕುತ್ತದೆ, ವಾಹಕತೆ ಚೆನ್ನಾಗಿದೆ. ಕೆಡುವುದು ಅದಕ್ಕೆ ಬಣ್ಣ ಬಳಿಯುವಾಗ.

ಅನೋಡೈಸಿಂಗ್ ಮಾಡಿದ, ಅಂದರೆ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ, ಅಲ್ಯೂಮಿನಿಯಂ ಮೇಲೆ ಮಲ್ಟಿಮೀಟರಿನ ಎರಡೂ ಮೊನೆಗಳನ್ನು ಒಂದಿಂಚು ಅಂತರದಲ್ಲಿ ಮೆಲ್ಲಗೆ ಇಟ್ಟು ನೋಡಿ. ಬೀಪ್ ಶಬ್ದ ಬರುವುದಿಲ್ಲ, ಪರದೆಯಲ್ಲಿ ಓಪನ್ ಎಂದೇ ತೋರಿಸುತ್ತದೆ. ಮೊನೆಯನ್ನು ಒತ್ತಿ ಗೀರಿದಾಗಷ್ಟೇ ಬೀಪ್. ಕೆಳಗೆ ಲೋಹ, ಮೇಲೆ ಅವಾಹಕ ಪದರ. ಪೌಡರ್ ಕೋಟಿಂಗ್ ಆದರೂ ಅದೇ ಕಥೆ, ಪದರ ಇನ್ನೂ ದಪ್ಪ. ಇಂಥ ಎರಡು ತುಂಡುಗಳನ್ನು ಮುಚ್ಚಿ ನಾಲ್ಕು ಮೂಲೆಗೆ ಸ್ಕ್ರೂ ಬಿಗಿದರೆ, ಸ್ಕ್ರೂಗಳ ನಡುವಿನ ಸಂದು ಅಷ್ಟುದ್ದದ ಸೀಳಾಗಿ ವರ್ತಿಸುತ್ತದೆ. ಕಣ್ಣಿಗೆ ಕೂದಲೆಳೆಯೂ ತೂರದಷ್ಟು ಬಿಗಿಯಾಗಿ ಕಂಡರೂ ಅಲೆಗೆ ಅದು ಬಾಗಿಲೇ. ಸೀಳಿನ ಅಗಲ ಇಲ್ಲಿ ಅಷ್ಟಾಗಿ ಲೆಕ್ಕಕ್ಕಿಲ್ಲ, ಉದ್ದ ಲೆಕ್ಕಕ್ಕೆ ಬರುತ್ತದೆ.

ಅಂದಾಜಿಗೆ ಸರಳ ಸೂತ್ರವೊಂದಿದೆ: ಅರ್ಧ ತರಂಗದೂರವನ್ನು ಸೀಳಿನ ಉದ್ದದಿಂದ ಭಾಗಿಸಿ, ಲಾಗ್ ತೆಗೆದು 20ರಿಂದ ಗುಣಿಸಿ. 1 ಗಿಗಾಹರ್ಟ್ಸ್‌ಗೆ ಅರ್ಧ ತರಂಗದೂರ 150 ಮಿಲಿಮೀಟರ್. ಸ್ಕ್ರೂಗಳು 60 ಮಿಲಿಮೀಟರ್ ಅಂತರದಲ್ಲಿದ್ದರೆ ಸಿಗುವುದು 8 ಡೆಸಿಬೆಲ್. 15 ಮಿಲಿಮೀಟರ್‌ಗೆ ಇಳಿಸಿದರೆ 20. ಒಂದೇ ಅಳತೆಯ ನಾಲ್ಕು ತೂತುಗಳು ಒತ್ತೊತ್ತಾಗಿದ್ದರೆ ಇನ್ನೂ ಆರು ಡೆಸಿಬೆಲ್ ಕಳೆಯಿರಿ. ಎರಡು ಮಿಲಿಮೀಟರ್ ಅಲ್ಯೂಮಿನಿಯಂ ಬದಲು ಮೂರು ಮಿಲಿಮೀಟರ್ ಹಾಕುವ ಚರ್ಚೆ ಈ ಸಂಖ್ಯೆಗಳ ಮುಂದೆ, ಬಾಗಿಲು ತೆರೆದಿಟ್ಟು ಗೋಡೆ ದಪ್ಪ ಮಾಡಿದಂತೆ.

ಡ್ರಾಯಿಂಗಿನಲ್ಲೇ ಮುಚ್ಚಳ ಕೂರುವ ಅಂಚಿಗೆ ಮಾಸ್ಕಿಂಗ್ (ಬಣ್ಣ ತಾಗದಂತೆ ಮುಚ್ಚುವುದು) ಎಂದು ಬರೆಯಿಸಿ. ಆ ಅಂಚಿಗೆ ಪೌಡರ್ ಕೋಟಿಂಗ್ ಬೇಡ, ಸವೆತ ತಡೆದೂ ವಿದ್ಯುತ್ ಹರಿಯಬಿಡುವ ವಾಹಕ ಕ್ರೋಮೇಟ್ ಪದರ ಇರಲಿ. ಹಳದಿ ಬಣ್ಣದ ಹಳೆಯ ಹೆಕ್ಸಾವೇಲೆಂಟ್ ಕ್ರೋಮೇಟ್ ರೋಎಚ್‌ಎಸ್ (ಅಪಾಯಕಾರಿ ವಸ್ತುಗಳ ಮೇಲಿನ ಯುರೋಪಿನ ನಿಯಮ) ನಿರ್ಬಂಧದಡಿ ಬರುತ್ತದೆ, ಟ್ರೈವೇಲೆಂಟ್ ಮಾದರಿಯನ್ನೇ ಕೇಳಿ. ಈ ಮಾಸ್ಕಿಂಗ್ ಕೈಕೆಲಸ, ಕೋಟಿಂಗ್ ಮಾಡುವವರು ಒಂದು ಬ್ಯಾಚಿನಲ್ಲಿ ಮಾಡಿ ಇನ್ನೊಂದರಲ್ಲಿ ಬಿಟ್ಟುಬಿಡುವುದೂ ಉಂಟು. ಬಂದ ಮಾಲಿನ ಅಂಚಿಗೆ ಮೀಟರ್ ಇಟ್ಟು ನೋಡುವುದನ್ನು ಒಳಬರುವ ತಪಾಸಣೆಯ ಪಟ್ಟಿಗೆ ಸೇರಿಸಿ.

ಗಾಳಿ ಬೇಕಿದ್ದರೆ ಉದ್ದನೆಯ ಸೀಳುಗಳನ್ನು ಬಿಟ್ಟು ದುಂಡು ತೂತುಗಳನ್ನು ಮಾಡಿ. ಹೆಚ್ಚಿನ ತಡೆ ಬೇಕಾದಲ್ಲಿ ಜೇನುಗೂಡಿನ ವೆಂಟ್: ಪ್ರತಿ ಕೋಶದ ಆಳ ಅದರ ಅಗಲದ ನಾಲ್ಕು ಪಟ್ಟಿದ್ದರೆ, ಕಟ್‌ಆಫ್‌ಗಿಂತ (ಅಲೆ ಕೋಶದೊಳಗೆ ಹಾಯಲು ಬೇಕಾದ ಕನಿಷ್ಠ ಆವರ್ತನ) ಸಾಕಷ್ಟು ಕೆಳಗಿನ ಆವರ್ತನಗಳಿಗೆ ಸಿದ್ಧಾಂತದ ಪ್ರಕಾರ ನೂರು ಡೆಸಿಬೆಲ್‌ಗೂ ಮೀರಿ ತಡೆ ಸಿಗುತ್ತದೆ, ಗಾಳಿಯೂ ಆಡುತ್ತದೆ.

ಗ್ಯಾಸ್ಕೆಟ್: ದುಡ್ಡು ಖರ್ಚು ಮಾಡಬೇಕಾದ ಜಾಗ

ಸ್ಕ್ರೂ ಹೆಚ್ಚಿಸಲಾಗದಿದ್ದರೆ ಗ್ಯಾಸ್ಕೆಟ್, ಅಂದರೆ ಸಂದಿನಲ್ಲಿ ಕೂತು ಎರಡೂ ತುಂಡುಗಳಿಗೆ ಸಂಪರ್ಕ ಕೊಡುವ ವಾಹಕ ಪಟ್ಟಿ. ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಬೆರಳುಗಳು ಪದೇಪದೇ ತೆಗೆದು ಹಾಕುವ ಬಾಗಿಲಿಗೆ ಒಳ್ಳೆಯವು. ಸವರಿಕೊಂಡು ಕೂರುವುದರಿಂದ ಮೇಲ್ಮೈಯ ಕೊಳೆಯನ್ನೂ ಕೆರೆದು ಹಾಕುತ್ತವೆ. ಆದರೆ ಕೈಗೆ, ಬಟ್ಟೆಗೆ ಸಿಕ್ಕಿ ಮುರಿಯುತ್ತವೆ, ನೀರು ತಡೆಯುವುದಿಲ್ಲ. ಬೆರಿಲಿಯಂ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ, ಅವನ್ನು ಅರದಿಂದ ಉಜ್ಜಲು ಹೋಗಬೇಡಿ. ಫೋಮಿಗೆ ನಿಕ್ಕಲ್, ತಾಮ್ರ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆ ಸುತ್ತಿದ ಪಟ್ಟಿ ಅಗ್ಗ, ಮೆತ್ತಗೆ, ತೆಳು ಮುಚ್ಚಳಕ್ಕೂ ಒಗ್ಗುತ್ತದೆ. ಒಳಾಂಗಣ ಉಪಕರಣಕ್ಕೆ ನಾನು ಮೊದಲು ಪ್ರಯತ್ನಿಸುವುದು ಇದನ್ನೇ. ಮಳೆಗೆ ನಿಲ್ಲುವ ಡಬ್ಬಿಗೆ ಲೋಹದ ಪುಡಿ ತುಂಬಿದ ಸಿಲಿಕೋನ್ ಬೇಕು, ಅದು ನೀರನ್ನೂ ಅಲೆಯನ್ನೂ ಒಟ್ಟಿಗೆ ತಡೆಯುತ್ತದೆ.

ಯಾವ ಪುಡಿ ಎಂಬಲ್ಲಿ ವಸ್ತುವಿನ ಆಯ್ಕೆ ನಿಜಕ್ಕೂ ಮುಖ್ಯವಾಗುತ್ತದೆ. ಬೆಳ್ಳಿಯ ವಾಹಕತೆಗೆ ಮಾರುಹೋಗಿ ಬೆಳ್ಳಿ ಲೇಪಿಸಿದ ತಾಮ್ರದ ಪುಡಿಯ ಗ್ಯಾಸ್ಕೆಟ್ಟನ್ನು ಅಲ್ಯೂಮಿನಿಯಂ ಡಬ್ಬಿಗೆ ಹಾಕಿ ಮಂಗಳೂರಿಗೋ ಕಾರವಾರಕ್ಕೋ ಕಳಿಸಿದರೆ, ಉಪ್ಪುಗಾಳಿಯಲ್ಲಿ ಅದೊಂದು ಬ್ಯಾಟರಿಯೇ ಆಗುತ್ತದೆ. ಸಮುದ್ರನೀರಿನಲ್ಲಿ ಬೆಳ್ಳಿ ಮತ್ತು ಅಲ್ಯೂಮಿನಿಯಂ ನಡುವಿನ ವಿಭವಾಂತರ 0.6 ವೋಲ್ಟ್‌ನ ಆಸುಪಾಸು. ಸಾಮಾನ್ಯ ಪರಿಸರಕ್ಕೆ ಎಂಜಿನಿಯರುಗಳು ಇಟ್ಟುಕೊಳ್ಳುವ ರೂಢಿಯ ಮಿತಿ 0.25, ಹೊರಾಂಗಣದ ಕಠಿಣ ಹವೆಯಲ್ಲಿ 0.15. ಸವೆಯುವುದು ಅಲ್ಯೂಮಿನಿಯಂ. ಅಂಚಿನಲ್ಲಿ ಬಿಳಿ ಪುಡಿ ಏಳುತ್ತದೆ, ಸಂಪರ್ಕ ಹೋಗುತ್ತದೆ, ಪರೀಕ್ಷೆ ಪಾಸಾದ ಡಬ್ಬಿಯೇ ಎರಡು ವರ್ಷದಲ್ಲಿ ಸೋರತೊಡಗುತ್ತದೆ. ಅಲ್ಯೂಮಿನಿಯಂ ಡಬ್ಬಿಗೆ ಬೆಳ್ಳಿ ಲೇಪಿಸಿದ ಅಲ್ಯೂಮಿನಿಯಂ ಪುಡಿಯ ಸಿಲಿಕೋನ್ ಎಷ್ಟೋ ವಾಸಿ. ಅಗ್ಗದಲ್ಲಿ ನಿಕ್ಕಲ್ ಗ್ರಾಫೈಟ್ ಇದೆ, ಕರಾವಳಿಯಲ್ಲಿ ಹಾಕುವುದಾದರೆ ಅಂಚಿಗೆ ಕ್ರೋಮೇಟ್ ತಪ್ಪಿಸಬೇಡಿ, ಗ್ಯಾಸ್ಕೆಟ್ಟಿನ ಹೊರಗೆ ಇನ್ನೊಂದು ಸಾದಾ ರಬ್ಬರ್ ಸೀಲ್ ಕೊಡಿ. ಬಿಡಿಭಾಗದ ಕ್ಲಿಪ್‌ಗಳಿಗಾದರೆ ತವರದ ಲೇಪನ ಅಲ್ಯೂಮಿನಿಯಂಗೆ ಚೆನ್ನಾಗಿ ಹೊಂದುತ್ತದೆ.

ಪ್ಲಾಸ್ಟಿಕ್ ಡಬ್ಬಿಯಾದರೆ

ಪ್ಲಾಸ್ಟಿಕ್ಕಿನ ಒಳಮೈಗೆ ವಾಹಕ ಪದರ ಕೊಡಲು ಬಣ್ಣ, ರಾಸಾಯನಿಕ ಲೇಪನ, ನಿರ್ವಾತ ಲೇಪನ ಎಂಬ ಮೂರು ದಾರಿಗಳಿವೆ. ಪ್ಲಾಸ್ಟಿಕ್ಕಿನೊಳಗೇ ವಾಹಕ ನಾರು ಬೆರೆಸುವುದು ಇನ್ನೊಂದು ದಾರಿ.

ಪದರಗಳನ್ನು ಹೋಲಿಸಲು ಡೆಸಿಬೆಲ್ ಗ್ರಾಫಿಗಿಂತ ಮೇಲ್ಮೈ ರೋಧವನ್ನು ಕೇಳುವುದು ಒಳ್ಳೆಯದು. ಪ್ರತಿ ಚೌಕಕ್ಕೆ ಎಷ್ಟು ಓಮ್ ಎಂದು ಅದನ್ನು ಹೇಳುತ್ತಾರೆ. ಸ್ಕಿನ್ ಡೆಪ್ತ್‌ಗಿಂತ ತೆಳುವಾದ ಪದರಕ್ಕೆ, ದೂರದಿಂದ ಬರುವ ಅಲೆಗೆ, 188ನ್ನು ಆ ರೋಧದಿಂದ ಭಾಗಿಸಿ ಒಂದು ಕೂಡಿಸಿ, ಲಾಗ್ ತೆಗೆದು 20ರಿಂದ ಗುಣಿಸಿದರೆ ಡೆಸಿಬೆಲ್. ಚೌಕಕ್ಕೆ 10 ಓಮ್ ಇದ್ದರೆ 26 ಡೆಸಿಬೆಲ್, 1 ಓಮ್ ಇದ್ದರೆ 45, 0.05 ಇದ್ದರೆ 71. ಮಾರಾಟಗಾರ 1 ಓಮ್ ಎಂದೂ 80 ಡೆಸಿಬೆಲ್ ಎಂದೂ ಒಂದೇ ಹಾಳೆಯಲ್ಲಿ ಬರೆದಿದ್ದರೆ ವಿವರ ಕೇಳಿ.

ನಿಕ್ಕಲ್ ಬಣ್ಣ ಚೌಕಕ್ಕೆ ಒಂದು ಓಮಿನ ಆಸುಪಾಸು, ಬಾಳಿಕೆ ಚೆನ್ನಾಗಿದೆ, ಬೆಲೆಯೂ ಕಡಿಮೆ. ಬರಿ ತಾಮ್ರದ ಬಣ್ಣ ಮೊದಲ ದಿನ ಇನ್ನೂ ಚೆನ್ನಾಗಿ ಅಳೆಯುತ್ತದೆ, ಆಮೇಲೆ ಪುಡಿಯ ಕಣಗಳು ಆಕ್ಸಿಡೀಕರಣಗೊಂಡು ರೋಧ ಏರುತ್ತದೆ. ಬೆಳ್ಳಿ ಲೇಪಿಸಿದ ತಾಮ್ರದ ಬಣ್ಣ ಎರಡರ ನಡುವಿನ ರಾಜಿ: ಬೆಲೆ ಜಾಸ್ತಿ, ತೆಳು ಪದರದಲ್ಲೇ ಕಡಿಮೆ ರೋಧ. ಕೆಲವು ನೂರು ತುಂಡುಗಳ ಕೆಲಸಕ್ಕೆ ಬಣ್ಣವೇ ಸರಿ, ಟೂಲಿಂಗ್ ಖರ್ಚಿಲ್ಲ. ಆಳವಾದ ಪಕ್ಕೆಲುಬುಗಳಿರುವ ಡಬ್ಬಿಯಲ್ಲಿ ಮಾತ್ರ ಸ್ಪ್ರೇ ಮೂಲೆ ತಲುಪದೆ ಅಲ್ಲಲ್ಲಿ ಪದರ ತೆಳುವಾಗುತ್ತದೆ. ಅಂಥ ಆಕಾರಕ್ಕೆ, ಸಂಖ್ಯೆಯೂ ದೊಡ್ಡದಿದ್ದರೆ, ದ್ರಾವಣದಲ್ಲಿ ಮುಳುಗಿಸಿ ಮಾಡುವ ತಾಮ್ರ ನಿಕ್ಕಲ್ ಲೇಪನ ಉತ್ತಮ. ಒಂದೆರಡು ಮೈಕ್ರಾನ್ ತಾಮ್ರ, ಅದರ ಮೇಲೆ ರಕ್ಷಣೆಗೆ ತೆಳು ನಿಕ್ಕಲ್. ದ್ರಾವಣ ಮುಟ್ಟಿದಲ್ಲೆಲ್ಲ ಪದರ ಒಂದೇ ಸಮ. ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿ ಹಾಯಿಸುವ ವಿಧಾನ ಸ್ವಚ್ಛ, ಆದರೆ ಆವಿ ನೇರ ಗೆರೆಯಲ್ಲಿ ಹೋಗುತ್ತದೆ, ಮರೆಯಲ್ಲಿರುವ ಗೋಡೆಗಳಿಗೆ ಅಷ್ಟಾಗಿ ತಾಗುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ನಾರು ಅಥವಾ ನಿಕ್ಕಲ್ ಲೇಪಿತ ಕಾರ್ಬನ್ ನಾರು ಬೆರೆಸಿದ ಪ್ಲಾಸ್ಟಿಕ್ ಕೇಳಲು ಬಹಳ ಚೆಂದ: ಮೋಲ್ಡಿನಿಂದ ಹೊರಬಂದ ಕೂಡಲೇ ಶೀಲ್ಡ್ ಸಿದ್ಧ, ಎರಡನೇ ಕೆಲಸವಿಲ್ಲ. ನಾರುಗಳು ಒಂದಕ್ಕೊಂದು ತಾಗಿ ಜಾಲವಾಗುವಷ್ಟು ಪ್ರಮಾಣ ದಾಟಿದರೆ ವಾಹಕತೆ ಥಟ್ಟನೆ ಏರುತ್ತದೆ. ಉದ್ದನೆಯ ನಾರಿಗೆ ಆ ಹೊಸ್ತಿಲು ಕಡಿಮೆ, ಗುಂಡು ಕಣಗಳಿಗೆ ಗಾತ್ರದ ಲೆಕ್ಕದಲ್ಲಿ ಸುಮಾರು 16% ಬೇಕು. ತೊಡಕು ಎರಡು. ಮೋಲ್ಡಿಂಗ್ ಯಂತ್ರದ ಸ್ಕ್ರೂ ಜೋರಾಗಿ ತಿರುಗಿದರೆ ನಾರು ತುಂಡಾಗಿ ಜಾಲ ಹರಿಯುತ್ತದೆ. ಅದೇ ಮೋಲ್ಡು, ಅದೇ ಹರಳು, ಬೇರೆ ಆಪರೇಟರ್, ಬೇರೆ ಡೆಸಿಬೆಲ್. ಎರಡನೆಯದು ಇನ್ನೂ ಕಿರಿಕಿರಿ: ಅಚ್ಚಿನ ಗೋಡೆಗೆ ತಾಗಿದ ಹೊರಪದರದಲ್ಲಿ ಬರಿ ರಾಳವೇ ಹೆಚ್ಚು, ನಾರು ಒಳಗೇ ಉಳಿಯುತ್ತದೆ. ಮೀಟರ್ ಇಟ್ಟರೆ ಅವಾಹಕ ಎನ್ನುತ್ತದೆ. ಹೀಗಾಗಿ ಎರಡು ಅರ್ಧಗಳು ಕೂಡುವಲ್ಲಿ ಸಂಪರ್ಕವೇ ಇರುವುದಿಲ್ಲ, ಮತ್ತೆ ಸೀಳಿನ ಸಮಸ್ಯೆ. ಸಂದಿಲ್ಲದ ಮುಚ್ಚಳ, ಸೆನ್ಸರ್ ಕವಚ, ಸ್ಥಿರ ವಿದ್ಯುತ್ ತಡೆಯಬೇಕಾದ ಟ್ರೇ ಇಂಥವಕ್ಕೆ ಬಳಸಿ. ಎರಡು ಅರ್ಧಗಳ ಡಬ್ಬಿಗೆ ಲೇಪನವೇ ವಾಸಿ.

ಒಂದು ಎಚ್ಚರಿಕೆ. ಒಳಗೆ ವೈಫೈ, ಬ್ಲೂಟೂತ್ ಆಂಟೆನಾ ಇರುವ ಪ್ಲಾಸ್ಟಿಕ್ ಡಬ್ಬಿಗೆ ಪೂರ್ತಿ ಲೇಪನ ಕೊಟ್ಟರೆ ಆಂಟೆನಾ ಸತ್ತಹಾಗೆ. ಅಲ್ಲಿ ಗದ್ದಲ ಮಾಡುವ ಭಾಗಕ್ಕಷ್ಟೇ ಕ್ಯಾನ್ ಹಾಕಬೇಕು. ಯುಎಸ್‌ಬಿ 3.0 ಸಂಪರ್ಕದ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಹರಡುತ್ತದೆ ಎಂದು ಇಂಟೆಲ್ 2012ರಲ್ಲೇ ದಾಖಲೆ ಪ್ರಕಟಿಸಿ ತೋರಿಸಿತ್ತು. ವೈಫೈ ಗೇಟ್‌ವೇ ಮಾಡುವವರು ಪ್ರೊಸೆಸರ್‌ಗಿಂತ ಮೊದಲು ಆ ಕನೆಕ್ಟರನ್ನು ಮುಚ್ಚಲಿ.

ಕಡಿಮೆ ಆವರ್ತನದ ಕಾಂತಕ್ಷೇತ್ರ

ಇಲ್ಲಿ ತಾಮ್ರ, ಅಲ್ಯೂಮಿನಿಯಂ ಕೈಚೆಲ್ಲುತ್ತವೆ. ಕಾಂತರೇಖೆಗಳನ್ನು ತನ್ನೊಳಗೆ ಎಳೆದುಕೊಂಡು ಸುತ್ತುಹಾಕಿಸಿ ಕಳಿಸುವ ವಸ್ತು ಬೇಕು. ಸಾದಾ ಉಕ್ಕು, ಸಿಲಿಕಾನ್ ಉಕ್ಕು, ನಿಕ್ಕಲ್ ಕಬ್ಬಿಣದ ಮಿಶ್ರಲೋಹಗಳು, ಅಮಾರ್ಫಸ್ ಹಾಗೂ ನ್ಯಾನೋಕ್ರಿಸ್ಟಲೈನ್ ಪಟ್ಟಿಗಳು ಕಣದಲ್ಲಿವೆ.

ಮ್ಯೂ ಮೆಟಲ್ ಎಂದರೆ ಮುಕ್ಕಾಲು ಪಾಲಿಗೂ ಹೆಚ್ಚು ನಿಕ್ಕಲ್, ಉಳಿದದ್ದು ಬಹುಪಾಲು ಕಬ್ಬಿಣ. 1923ರಲ್ಲಿ ಲಂಡನ್ನಿನಲ್ಲಿ ಸಮುದ್ರದಾಳದ ಟೆಲಿಗ್ರಾಫ್ ಕೇಬಲ್ಲುಗಳಿಗೆಂದು ರೂಪುಗೊಂಡ ಲೋಹವಿದು. ಸಾಪೇಕ್ಷ ಪರ್ಮಿಯಬಿಲಿಟಿ (ಕಾಂತರೇಖೆಗಳನ್ನು ಎಳೆದುಕೊಳ್ಳುವ ಶಕ್ತಿಯ ಅಳತೆ) ಇಪ್ಪತ್ತು ಸಾವಿರದಿಂದ ಲಕ್ಷದವರೆಗೂ ಹೋಗುತ್ತದೆ, ಸಾದಾ ಉಕ್ಕಿನದು ಸಾವಿರದ ಸುತ್ತಮುತ್ತ. ಓದಿದ ಕೂಡಲೇ ಮ್ಯೂ ಮೆಟಲ್ಲೇ ಬೇಕೆನಿಸುವುದು ಸಹಜ. ಮೂರು ಸಂಗತಿ ಗಮನಿಸಿ. ಅದಕ್ಕೆ ಆಕಾರ ಕೊಟ್ಟ ಮೇಲೆ ಹೈಡ್ರೋಜನ್ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಹದಮಾಡಬೇಕು. ಆಮೇಲೆ ಬಾಗಿಸಿದರೆ, ತೂತು ಕೊರೆದರೆ, ನೆಲಕ್ಕೆ ಬೀಳಿಸಿದರೂ ಗುಣ ಕುಸಿಯುತ್ತದೆ. ಸುಮಾರು 0.8 ಟೆಸ್ಲಾಕ್ಕೆ ತುಂಬಿಹೋಗುತ್ತದೆ, ಉಕ್ಕು 2 ಟೆಸ್ಲಾ ತನಕ ತಾಳುತ್ತದೆ. ಕೆಲವು ಹತ್ತು ಕಿಲೋಹರ್ಟ್ಸ್ ದಾಟಿದರೆ ಉಕ್ಕಿಗಿಂತ ಹೆಚ್ಚೇನೂ ಮಾಡುವುದಿಲ್ಲ. ಜೋರಾದ ಕ್ಷೇತ್ರವಿದ್ದರೆ ಮೂಲದ ಕಡೆಗೆ ಉಕ್ಕಿನ ಪದರ, ನಡುವೆ ಅಂತರ, ಒಳಗೆ ಮ್ಯೂ ಮೆಟಲ್ ಇಡುವುದು ಹಳೆಯ ಕ್ರಮ.

ಅದಕ್ಕೂ ಮೊದಲು ಪುಕ್ಕಟೆಯಾಗಿ ಸಿಗುವುದನ್ನು ತೆಗೆದುಕೊಳ್ಳಿ. ಸಣ್ಣ ಟ್ರಾನ್ಸ್‌ಫಾರ್ಮರಿನ ಸೋರಿಕೆ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಇಸಿಜಿ ಅಥವಾ ಮೈಕ್ ಆಂಪ್ಲಿಫೈಯರಿನಿಂದ ಅದನ್ನು ಎರಡರಷ್ಟು ದೂರಕ್ಕೆ ಸರಿಸಿದರೆ 18 ಡೆಸಿಬೆಲ್ ಲಾಭ. ಟೊರಾಯ್ಡ್ (ಉಂಗುರಾಕಾರದ ಟ್ರಾನ್ಸ್‌ಫಾರ್ಮರ್) ಹಾಕಿದರೆ, ಇಲ್ಲವೇ ಇದ್ದುದನ್ನೇ ತಿರುಗಿಸಿ ಕೂರಿಸಿದರೆ, ಇನ್ನಷ್ಟು. ಆಮೇಲೂ ಗುಂಯ್‌ಗುಡುತ್ತಿದ್ದರೆ ಒಂದು ಮಿಲಿಮೀಟರ್ ಉಕ್ಕಿನ ಗೋಡೆ, ಅದೂ ಸಾಲದಿದ್ದರೆ ಮ್ಯೂ ಮೆಟಲ್.

ವೈರ್‌ಲೆಸ್ ಚಾರ್ಜಿಂಗ್ ನಡೆಯುವ ಸುಮಾರು 100ರಿಂದ 200 ಕಿಲೋಹರ್ಟ್ಸ್‌ನಲ್ಲಿ, ಫೋನ್ ತಾಗಿಸಿ ಹಣ ಕಟ್ಟಲು ಬಳಸುವ ಎನ್‌ಎಫ್‌ಸಿಯ 13.56 ಮೆಗಾಹರ್ಟ್ಸ್‌ನಲ್ಲಿ ಫೆರೈಟ್ (ಕಬ್ಬಿಣದ ಆಕ್ಸೈಡಿನ ಕಾಂತೀಯ ಸೆರಾಮಿಕ್) ಹಾಳೆಗಳ ರಾಜ್ಯ. ಕಾಯಿಲ್ ಮತ್ತು ಬ್ಯಾಟರಿಯ ನಡುವೆ ಕೂತು ಅದು ಕಾಂತರೇಖೆಗಳಿಗೆ ಹಾದಿ ಕೊಡುತ್ತದೆ; ಇಲ್ಲದಿದ್ದರೆ ಬ್ಯಾಟರಿಯ ಲೋಹದಲ್ಲಿ ಸುಳಿಪ್ರವಾಹ ಹುಟ್ಟಿ ಬಿಸಿಯೂ ಆಗುತ್ತದೆ, ಸಂಪರ್ಕದ ದೂರವೂ ಕುಗ್ಗುತ್ತದೆ. ಚಾರ್ಜಿಂಗ್‌ಗೆ ನ್ಯಾನೋಕ್ರಿಸ್ಟಲೈನ್ ಪಟ್ಟಿ ಇನ್ನೂ ತೆಳುವಾಗಿ ಆಗುತ್ತದೆ. ಎನ್‌ಎಫ್‌ಸಿಗೆ ಅದನ್ನು ಹಾಕಬೇಡಿ, ಆ ಆವರ್ತನದಲ್ಲಿ ಅದರೊಳಗಿನ ನಷ್ಟ ಹೆಚ್ಚು.

ಹೀರುವ ವಸ್ತು ಯಾವಾಗ?

ಲೋಹದ ಡಬ್ಬಿ ಅಲೆಯನ್ನು ನಾಶ ಮಾಡುವುದಿಲ್ಲ, ಒಳಗೇ ಹಿಂದಿರುಗಿಸುತ್ತದೆ. ಡಬ್ಬಿಯ ಅಳತೆ ಅಲೆಗೆ ಹೊಂದಿಬಿಟ್ಟರೆ ಅನುರಣನ. ಒಳಗೆ 100 ಗುಣಿಸು 80 ಮಿಲಿಮೀಟರ್ ಇರುವ ಖಾಲಿ ಡಬ್ಬಿಯ ಮೊದಲ ಅನುರಣನ ಎಲ್ಲಿ ಬೀಳುತ್ತದೆ ಗೊತ್ತೇ? ಸರಿಯಾಗಿ 2.4 ಗಿಗಾಹರ್ಟ್ಸ್. ವೈಫೈ ಮಾಡ್ಯೂಲಿಗೆ ಇದಕ್ಕಿಂತ ಕೆಟ್ಟ ಮನೆ ಸಿಗಲಿಕ್ಕಿಲ್ಲ. 60 ಗುಣಿಸು 40ಕ್ಕೆ ಇಳಿಸಿದರೆ 4.5 ಗಿಗಾಹರ್ಟ್ಸ್‌ಗೆ ಸರಿಯುತ್ತದೆ. ಒಳಗೆ ಪಿಸಿಬಿ ಇದ್ದರೆ ಇನ್ನೂ ಸ್ವಲ್ಪ ಕೆಳಗೆ. ಕ್ಯಾನ್ ಹಾಕಿದ ಮೇಲೆ ಗದ್ದಲ ಹೆಚ್ಚಾಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಕ್ಯಾನಿಗೆ ನಡುಗೋಡೆ ಕೊಟ್ಟು ಅಳತೆ ಒಡೆಯುವುದು ಮೊದಲ ಉಪಾಯ. ಆಗದಿದ್ದರೆ ಮುಚ್ಚಳದ ಒಳಮೈಗೆ ಕಬ್ಬಿಣದ ಸೂಕ್ಷ್ಮ ಪುಡಿ ತುಂಬಿದ ಸಿಲಿಕೋನ್ ಹಾಳೆ ಅಂಟಿಸಿ. ಒಂದು ಮಿಲಿಮೀಟರ್ ದಪ್ಪದ ಚಿಕ್ಕ ತುಂಡೂ ಅನುರಣನದ ಮೊನೆಯನ್ನು ಮೊಂಡಾಗಿಸುತ್ತದೆ. ಕಾರಿನ 77 ಗಿಗಾಹರ್ಟ್ಸ್ ರಾಡಾರ್ ಕವಚಗಳಲ್ಲೂ ಹೀರುವ ಪ್ಲಾಸ್ಟಿಕ್ ಬೇಕಾಗುವುದು ಪಕ್ಕದಿಂದ ಪ್ರತಿಫಲಿಸಿ ಬರುವ ಸುಳ್ಳು ಸಂಕೇತ ತಡೆಯಲು.

ಮಾರುಕಟ್ಟೆಗಿಂತ ಮೊದಲು ಪತ್ರಿಕೆಗಳಲ್ಲಿ ಕಾಣುವ ವಸ್ತುಗಳು

2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯ ಮತ್ತು ಕೊರಿಯಾದ ಸಂಶೋಧಕರು ಟೈಟಾನಿಯಂ ಕಾರ್ಬೈಡ್ ಎಂಕ್ಸೀನ್ (ಕೆಲವೇ ಪರಮಾಣು ದಪ್ಪದ ವಾಹಕ ಪದರಗಳ ವಸ್ತು) ಎಂಬುದರ 45 ಮೈಕ್ರಾನ್ ಹಾಳೆಯಿಂದ 92 ಡೆಸಿಬೆಲ್ ತಡೆಯನ್ನು ಪ್ರಕಟಿಸಿದರು. ದ್ರಾವಣವಾಗಿ ಬಳಿಯಬಹುದಾದ ವಸ್ತುವಿಗೆ ಇದು ದೊಡ್ಡ ಸಂಖ್ಯೆಯೇ. ಅಂದಿನಿಂದ ಎಂಕ್ಸೀನ್, ಗ್ರಾಫೀನ್, ಕಾರ್ಬನ್ ನ್ಯಾನೋಟ್ಯೂಬ್ ಬೆರೆಸಿದ ಪಾಲಿಮರುಗಳ ಮೇಲೆ ಪ್ರಬಂಧಗಳ ಮಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದಲ್ಲೂ ಪಾಲಿಮರ್ ಶೀಲ್ಡಿಂಗ್ ಮೇಲೆ ಕೆಲಸ ನಡೆದಿದೆ. ಎಂಕ್ಸೀನ್‌ಗೆ ತೇವ ಮತ್ತು ಗಾಳಿ ಸೇರಿದರೆ ಆಗುವುದಿಲ್ಲ, ನಿಧಾನವಾಗಿ ಟೈಟಾನಿಯಂ ಡೈಆಕ್ಸೈಡ್ ಆಗುತ್ತ ವಾಹಕತೆ ಕಳೆದುಕೊಳ್ಳುತ್ತದೆ. ಸದ್ಯಕ್ಕೆ ಉತ್ಪನ್ನದ ಬಿಡಿವಸ್ತುಗಳ ಪಟ್ಟಿಗೆ (ಬಿಲ್ ಆಫ್ ಮೆಟೀರಿಯಲ್ಸ್) ನಾನದನ್ನು ಬರೆಯಲಾರೆ.

ಈ ಪ್ರಬಂಧಗಳನ್ನು ಓದುವಾಗ ಎರಡು ಕಡೆ ಕಣ್ಣಿಡಿ. ಡೆಸಿಬೆಲ್ಲನ್ನು ಸಾಂದ್ರತೆಯಿಂದಲೂ ದಪ್ಪದಿಂದಲೂ ಭಾಗಿಸಿ ಕೊಟ್ಟ ಸಂಖ್ಯೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಾಳೆ ತೆಳುವಾದಷ್ಟೂ ಅದು ಉಬ್ಬುತ್ತದೆ. ವಿಮಾನ, ಉಪಗ್ರಹದವರಿಗೆ ತೂಕ ಮುಖ್ಯ, ಅವರಿಗೆ ಅದರಿಂದ ಅರ್ಥವಿದೆ. ಮೇಜಿನ ಮೇಲೆ ಕೂರುವ ಡಬ್ಬಿಗೆ ಇಲ್ಲ. ಇನ್ನೊಂದು, ಹೀರಿಕೆಯೇ ಪ್ರಧಾನ ಎಂಬ ಹೇಳಿಕೆ. ಹೀರಿಕೆಯ ಪಾಲು 30 ಡೆಸಿಬೆಲ್, ಪ್ರತಿಫಲನದ ಪಾಲು 10 ಡೆಸಿಬೆಲ್, ಆದ್ದರಿಂದ ಇದು ಹೀರುವ ವಸ್ತು ಎಂದು ಬರೆದಿರುತ್ತಾರೆ. ಪ್ರತಿಫಲನದ 10 ಡೆಸಿಬೆಲ್ ಎಂದರೆ ಬಂದ ಶಕ್ತಿಯಲ್ಲಿ 90% ಮೇಲ್ಮೈಯಿಂದಲೇ ವಾಪಸ್ಸಾಯಿತು. ಉಳಿದ ಹತ್ತರಲ್ಲಿ ಬಹುಪಾಲನ್ನು ವಸ್ತು ಹೀರಿತು. ಇಂಥದ್ದನ್ನು ಕ್ಯಾನಿನ ಮುಚ್ಚಳಕ್ಕೆ ಅಂಟಿಸಿದರೆ ಅನುರಣನ ಹಾಗೇ ಉಳಿಯುತ್ತದೆ. ಹೀರುವ ವಸ್ತು ಬೇಕಿದ್ದರೆ ಪ್ರತಿಫಲಿಸಿದ ಶಕ್ತಿಯ ಶೇಕಡಾವಾರು ಎಷ್ಟೆಂದು ಕೇಳಿ.

ವೈರುಗಳು, ಮತ್ತೆ ಆ ತಾಮ್ರದ ಟೇಪು

ಎಲೆಕ್ಟ್ರಿಕ್ ಸ್ಕೂಟರಿನ ಕಂಟ್ರೋಲರಿಗೆ ಎಷ್ಟೇ ಒಳ್ಳೆಯ ಅಲ್ಯೂಮಿನಿಯಂ ಡಬ್ಬಿ ಕೊಡಿ, ಮೋಟರಿಗೆ ಹೋಗುವ ಮೂರು ವೈರುಗಳು ಒಳಗಿನ ಗದ್ದಲವನ್ನು ಹೊತ್ತು ಹೊರಬಂದರೆ ಮುಗಿಯಿತು. ವಾಹನದೊಳಗಿನ ರೇಡಿಯೊ ರಕ್ಷಣೆಗೆ ಸಿಐಎಸ್‌ಪಿಆರ್ 25 ಅಳತೆ 150 ಕಿಲೋಹರ್ಟ್ಸ್‌ನಿಂದಲೇ ಶುರು, ನಮ್ಮಲ್ಲಿ ಇಡೀ ವಾಹನಕ್ಕೆ ಎಐಎಸ್ 004 ಭಾಗ 3 ಎಂಬ ಭಾರತೀಯ ವಾಹನ ಮಾನಕ ಇದೆ. ಶೀಲ್ಡ್ ಇರುವ ಕೇಬಲ್ ಹಾಕಿ ಅದರ ಜಾಲರಿಯನ್ನು ತಿರುಚಿ ಬಾಲದಂತೆ ಒಂದು ಸ್ಕ್ರೂಗೆ ಕಟ್ಟುವ ಅಭ್ಯಾಸ ಎಲ್ಲೆಡೆ ಇದೆ. 50 ಮಿಲಿಮೀಟರಿನ ಆ ಬಾಲದ ಇಂಡಕ್ಟೆನ್ಸ್ ಸುಮಾರು 50 ನ್ಯಾನೋಹೆನ್ರಿ, 100 ಮೆಗಾಹರ್ಟ್ಸ್‌ನಲ್ಲಿ 31 ಓಮ್, ಅಂದರೆ ಶೀಲ್ಡ್ ಡಬ್ಬಿಗೆ ಸರಿಯಾಗಿ ಕೂಡಿಯೇ ಇಲ್ಲ. ಜಾಲರಿಯನ್ನು ಸುತ್ತಲೂ ಡಬ್ಬಿಗೆ ಕಚ್ಚಿಸುವ ಗ್ಲ್ಯಾಂಡ್ ಹಾಕಿ. ಶೀಲ್ಡ್ ಇಲ್ಲದ ವೈರಿಗೆ ಡಬ್ಬಿಯ ಗೋಡೆಯಲ್ಲೇ ಫಿಲ್ಟರ್ ಇರಲಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಟೇಪು ಕೊಳ್ಳುವಾಗ ಅಂಟು ವಾಹಕವೇ ಎಂದು ಕೇಳಿ. ಅಗ್ಗದ ತಾಮ್ರದ ಟೇಪುಗಳಲ್ಲಿ ಲೋಹ ತಾಮ್ರವೇ, ಅಂಟು ಅವಾಹಕ. ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದರೂ ನಡುವೆ ಸಂಪರ್ಕವಿರುವುದಿಲ್ಲ. ಅಲ್ಲಲ್ಲಿ ಬೆಸುಗೆ ಚುಕ್ಕೆ ಹಾಕಲೇಬೇಕು. ಲ್ಯಾಬಿನಲ್ಲಿ ಇಡೀ ಡಬ್ಬಿ ಸುತ್ತಿ ಅಲ್ಲಿಗೇ ನಿಲ್ಲಿಸಬೇಡಿ. ಪೂರ್ತಿ ಸುತ್ತಿ ಪಾಸಾದ ಮೇಲೆ ಒಂದೊಂದೇ ಸಂದಿನ ಟೇಪು ಕೀಳುತ್ತ ಬನ್ನಿ, ಯಾವುದು ಕಿತ್ತಾಗ ಪೀಕ್ ಏಳುತ್ತದೋ ಗ್ಯಾಸ್ಕೆಟ್ ಅಲ್ಲಿಗೆ. ಟೇಪು ಪೂರ್ತಿ ಸುತ್ತಿದರೂ ಪೀಕ್ ಕದಲದಿದ್ದರೆ ವೈರುಗಳನ್ನು ನೋಡಿ.

ವಸ್ತು ಗೊತ್ತುಮಾಡಿ ಮಾದರಿ ತರಿಸಿದ ಮೇಲೆ ಅದನ್ನು ನಿಮ್ಮದೇ ಡಬ್ಬಿಯ ಅಂಚಿಗೆ ಬಿಗಿದು ಸಂಪರ್ಕದ ರೋಧ ಅಳೆದುಕೊಳ್ಳಿ. 85 ಡಿಗ್ರಿ ಶಾಖ, 85% ಆರ್ದ್ರತೆಯ ಕೋಣೆಯಲ್ಲಿ ಸಾವಿರ ಗಂಟೆ ಇಟ್ಟು, ಬಿಚ್ಚದೆ ಮತ್ತೆ ಅಳೆಯಿರಿ. ಲೇಪನದ ಮೇಲ್ಮೈ ರೋಧಕ್ಕೂ ಇದೇ ಪರೀಕ್ಷೆ ಮಾಡಿ: ಅದು ಎರಡರಷ್ಟಾಗಿದ್ದರೆ ಆರು ಡೆಸಿಬೆಲ್ ಹೋಯಿತು, ಹತ್ತರಷ್ಟಾಗಿದ್ದರೆ ಇಪ್ಪತ್ತು.